ಒಳ್, ಒಳಗ, ಆಗ: ವಿಜಯಪುರ ಸೀಮೆಯ ಸಪ್ತಮೀ ಪ್ರತ್ಯಯದ ಅರ್ಥಪಲ್ಲಟ

ವಿಜಯಪುರ ಜಿಲ್ಲೆಯ ಮಸೂತಿಯಲ್ಲಿಯೂ ಅದರ ಸುತ್ತಣ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗಗಳಲ್ಲಿಯೂ ಆಡುಮಾತಿನ ಸಪ್ತಮೀ ಪ್ರತ್ಯಯ ‘ಆಗ’: ಊರಾಗ, ಹೊಲದಾಗ, ಬಾವ್ಯಾಗ, ಮನ್ಯಾಗ. ಶಾಲಾ ವ್ಯಾಕರಣಗಳು ಸಪ್ತಮಿಗೆ ‘ಅಲ್ಲಿ’ಯನ್ನು ಮಾತ್ರ ಹೇಳುತ್ತ ಬಂದುದರಿಂದ, ಈ ರೂಪವನ್ನು ‘ಅಲ್ಲಿ’ಯ ಗ್ರಾಮ್ಯ ವಿಕಾರವೆಂದು ತಿಳಿದು ವಿದ್ಯಾರ್ಥಿಗಳ ಬರಹದಲ್ಲಿ ಹೊಡೆದುಹಾಕುವುದುಂಟು. ಶಿಷ್ಟ ಬರಹದ ದೃಷ್ಟಿಯಿಂದ ಆ ತಿದ್ದುಪಡಿ ಬೇಕಾಗಬಹುದು. ಆದರೆ ಅದಕ್ಕೆ ಕೊಡುವ ಕಾರಣ ಚಾರಿತ್ರಿಕವಾಗಿ ನಿಲ್ಲುವಂಥದಲ್ಲ. ‘ಆಗ’ ‘ಅಲ್ಲಿ’ಯಿಂದ ಹುಟ್ಟಿದ್ದಲ್ಲ. ೧೩ನೆಯ ಶತಮಾನದಲ್ಲಿ ಕೇಶಿರಾಜನು ಸಪ್ತಮಿಗೆ ಹೇಳಿದ ‘ಒಳ್’ ಪ್ರತ್ಯಯದ ವಂಶಕ್ಕೆ ಸೇರಿದ್ದು ಅದು.

‘ಒಳ್’ನ ಹಳೆಯ ರೂಪ ‘ಉಳ್’. ಕ್ರಿ.ಶ. ೪೫೦ರ ಸುಮಾರಿನದೆಂದು ಎಣಿಸಲಾಗುವ ಹಲ್ಮಿಡಿ ಶಾಸನದಲ್ಲಿಯೇ ‘ನಾಡುಳ್’ ಎಂಬ ಪ್ರಯೋಗವಿದೆ. ತಮಿಳಿನ ‘ಉಳ್’, ತೆಲುಗಿನ ‘ಲೋ’ ಇದರ ಜ್ಞಾತಿಗಳು. ‘ಒಳ್’ನಿಂದ ಬೆಳೆದ ‘ಒಳಗೆ’ ಎಂಬ ಅವ್ಯಯ ವಚನಗಳಲ್ಲಿ ಹೇರಳವಾಗಿ ಕಾಣುತ್ತದೆ. ಆದರೆ ನಮಗೆ ದೊರೆತಿರುವ ವಚನಗಳ ಹಸ್ತಪ್ರತಿಗಳು ಬಹಳ ಈಚಿನವಾದ್ದರಿಂದ ಅವುಗಳ ರೂಪಗಳನ್ನು ೧೨ನೆಯ ಶತಮಾನಕ್ಕೆ ಹಾಗೆಯೇ ಒಯ್ಯುವಂತಿಲ್ಲ.

‘ಒಳಗೆ’ಯು ‘ಆಗ’ ಆಯಿತೆನ್ನಲು ಧ್ವನಿಯ ಆಧಾರವಿದೆ. ಈ ಸೀಮೆಯಲ್ಲಿ ನಾಮಪದದ ಕೊನೆಯ ಎಕಾರ ಇಕಾರವಾಗುತ್ತದೆ (ಮನೆ–ಮನಿ, ಮಳೆ–ಮಳಿ). ಸ್ಥಳವಾಚಿ ಅವ್ಯಯಗಳಲ್ಲಿ ಅದು ಅಕಾರವಾಗುತ್ತದೆ: ಮೇಲೆ–ಮ್ಯಾಲ, ಕೆಳಗೆ–ಕೆಳಗ, ಮುಂದೆ–ಮುಂದ, ಒಳಗೆ–ಒಳಗ. ‘ಬಾವಿಯೊಳಗ’ ಸವೆದು ‘ಬಾವ್ಯಾಗ’ ಆಗಿದೆ. ಎರಡೂ ರೂಪಗಳು ಇಂದಿಗೂ ಒಟ್ಟಿಗೆ ಬಳಕೆಯಲ್ಲಿವೆ. ‘ಬಂದಾಗ’, ‘ಹೋದಾಗ’ ಎಂಬಲ್ಲಿನ ಕಾಲವಾಚಿ ‘ಆಗ’ ಕಿವಿಗೆ ಒಂದೇ ಆಗಿ ಕೇಳಿಸಿದರೂ ಬೇರೆಯದು. ಅದರ ಜಾಗದಲ್ಲಿ ‘ಒಳಗ’ವನ್ನಿಟ್ಟರೆ ಮಾತೇ ಆಗದು.

ಅರ್ಥ ಚಲಿಸಿದ ಬಗೆ ಇನ್ನೂ ಕುತೂಹಲಕರ. ಬಾವ್ಯಾಗ, ಗಡಿಗ್ಯಾಗ ಎಂಬಲ್ಲಿ ಒಳಭಾಗವುಳ್ಳ ವಸ್ತುವಿದೆ. ಹೊಲದಾಗ, ದಾರ್ಯಾಗ, ಬಿಸಲಾಗ ಎಂಬಲ್ಲಿ ಗೋಡೆಯಿಲ್ಲ, ಬಾಯಿಯಿಲ್ಲ. ಬರಿಯ ಇರವಿನ ಎಡೆಯಿದೆ. ‘ಮಳಿಗಾಲದಾಗ’, ‘ಎರಡ ದಿನದಾಗ’ ಎಂಬಲ್ಲಿ ಸ್ಥಳ ಕಾಲವಾಗಿದೆ. ‘ಸಿಟ್ಟಿನಾಗ’ ಎಂಬಲ್ಲಿ ಮನಸ್ಸಿನ ಸ್ಥಿತಿ. ‘ಇಬ್ಬರಾಗ ಯಾರು ಶ್ಯಾಣ್ಯಾ?’ ಎಂಬಲ್ಲಿ ನಿರ್ಧಾರಣಾರ್ಥ. ಹೀಗೆ ಸವೆದ ಪ್ರತ್ಯಯಕ್ಕೆ ‘ಒಳಭಾಗ’ವನ್ನು ಒತ್ತಿ ಹೇಳುವ ಬಲವಿಲ್ಲದಾದಾಗ ಭಾಷೆ ಮೂಲಪದವನ್ನೇ ಮತ್ತೆ ಕರೆದಿದೆ. ‘ಅಂವ ಮನ್ಯಾಗ ಅದಾನ’ ಎಂದರೆ ಊರಿಗೆ ಹೋಗಿಲ್ಲ ಎಂದಷ್ಟೆ, ಕಟ್ಟೆಯ ಮೇಲೆ ಕುಳಿತಿದ್ದರೂ ಸರಿಯೆ. ‘ಮನಿ ಒಳಗ ಅದಾನ’ ಎಂದರೆ ಹೊಸ್ತಿಲಿನಾಚೆ. ಒಂದೇ ಪದದ ಎರಡು ತಲೆಮಾರುಗಳು ಇಲ್ಲಿ ಒಂದೇ ಮನೆಯಲ್ಲಿ ಬಾಳುತ್ತಿವೆ.

ಸ್ವತಂತ್ರ ಪದವು ವ್ಯಾಕರಣ ಘಟಕವಾಗುವ ಈ ಪ್ರಕ್ರಿಯೆಗೆ ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ ೧೯೧೨ರಲ್ಲಿ ಕೊಟ್ಟ ಹೆಸರನ್ನು ನಾವು ‘ವ್ಯಾಕರಣೀಕರಣ’ ಎನ್ನುತ್ತೇವೆ. ಹಂಗೇರಿಯನ್ ಭಾಷೆಯ ‘ಬೆನ್’ ಎಂಬ ಸಪ್ತಮಿಯೂ ‘ಒಳಭಾಗ, ಕರುಳು’ ಎಂಬರ್ಥದ ಪದದಿಂದ ಬಂದುದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವಿಜಯಪುರದ ನೆರೆಯ ಮರಾಠಿಯ ‘ಘರಾತ್’ನಲ್ಲಿರುವ ‘ಆತ್’ ಸಂಸ್ಕೃತದ ‘ಅಂತರ್’ನಿಂದಲೂ, ಅದೇ ಊರಿನ ದಖನಿಯ ‘ಮೇಂ’ ‘ಮಧ್ಯ’ದಿಂದಲೂ ಬಂದಿವೆ. ಬೇರೆ ಬೇರೆ ಬೇರುಗಳಿಂದ ಹೊರಟ ಮೂರು ಭಾಷೆಗಳು ‘ಒಳಗು–ನಡುವು’ ಎಂಬ ಒಂದೇ ದಾರಿಯಲ್ಲಿ ಸಪ್ತಮಿಗೆ ಬಂದು ಸೇರಿವೆ.

ಬರಹದ ‘ಅಲ್ಲಿ’ ಹಿಡಿದ ದಾರಿ ಬೇರೆ. ಅದು ದೂರದ ಎಡೆಯನ್ನು ತೋರಿಸುವ ನಿರ್ದೇಶಕ ಪದ. ಆದ್ದರಿಂದಲೇ ‘ನನ್ನಲ್ಲಿ ಹಣವಿದೆ’, ‘ದೇವರಲ್ಲಿ ಭಕ್ತಿ’ ಎಂದು ಸಾಮೀಪ್ಯವನ್ನೂ ವಿಷಯವನ್ನೂ ಅದು ಹೇಳಬಲ್ಲುದು. ‘ಆಗ’ ಇದನ್ನು ಮಾಡದು. ಈ ಸೀಮೆಯವರು ‘ನನ್ನ ಕಡೆ ರೊಕ್ಕ ಅದ’, ‘ದೇವರ ಮ್ಯಾಲ ಭಕ್ತಿ’ ಎನ್ನುತ್ತಾರೆ. ‘ನನ್ನಾಗ ರೊಕ್ಕ’ ಎನ್ನುವುದಿಲ್ಲ. ಎಷ್ಟು ಸವೆದರೂ ಮೂಲಾರ್ಥ ಪ್ರತ್ಯಯದ ಮುಂದಿನ ನಡೆಯನ್ನು ಹಿಡಿದಿಟ್ಟಿರುತ್ತದೆ. ‘ಆಗ’ವು ‘ಅಲ್ಲಿ’ಯ ವಿಕಾರವಲ್ಲವೆಂಬುದಕ್ಕೆ ಧ್ವನಿಗಿಂತ ಇದೇ ಬಲವಾದ ಸಾಕ್ಷಿ ಎಂದು ನನ್ನ ಅಭಿಪ್ರಾಯ.

ಇದರ ಫಲ ಪಂಚಮಿಯವರೆಗೂ ಹಬ್ಬಿದೆ. ಕೇಶಿರಾಜನ ‘ಅತ್ತಣಿಂ’, ಶಾಲಾ ಪುಸ್ತಕಗಳ ‘ದೆಸೆಯಿಂದ’ ಎರಡೂ ದಿಕ್ಕನ್ನು ಹೇಳುವ ಪದಕ್ಕೆ ತೃತೀಯೆಯನ್ನು ಹಚ್ಚಿದ ರಚನೆಗಳು. ಹೀಗಾಗಿ ಕನ್ನಡಕ್ಕೆ ಪಂಚಮಿಯುಂಟೆ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ವಿಜಯಪುರ ಸೀಮೆಯ ಮಾತಿನಲ್ಲಿ ಸಾಧನಕ್ಕೆ ‘ಕೈಲೆ’ ಎಂಬಲ್ಲಿರುವ ‘ಲೆ’ ಇದೆ, ಅಗಲಿಕೆಗೆ ‘ಬಾವ್ಯಾಗಿಂದ’ ಎಂದು ಸಪ್ತಮಿಯ ಮೇಲೆ ಏರಿದ ‘ಇಂದ’ ಇದೆ. ‘ಬಾವ್ಯಾಗಿಂದ ಕೈಲೆ ನೀರ ಸೇದು’ ಎಂಬ ಮಾತಿನಲ್ಲಿ ಪಂಚಮಿ ತೃತೀಯೆಗಳು ಒಂದರೊಡನೊಂದು ಬೆರೆಯುವುದೇ ಇಲ್ಲ.