ಹೆಸರು ಕೂಗಿದಾಗ ಹಿಗ್ಗಿದ ಮನಸ್ಸು

ಸಿಂಧನೂರಿನ ಸಹೋದರರೇ, ಸುಗ್ಗಿ ಹಬ್ಬಕ್ಕೆ ಭತ್ತದ ಚೀಲ ಕೊಟ್ಟಿರಿ, ಸಭಾಪಾಲಕರು ಹೆಸರು ಕೂಗಿದಾಗ ಹಿಗ್ಗಿದಿರಿ. ಈಗ ಕಾಣಿಕೆಯೇ ವ್ಯರ್ಥವಾಯಿತೇನೋ ಎಂದು ಕೊರಗುತ್ತಿದ್ದೀರಿ. ವ್ಯರ್ಥವಾಗಿಲ್ಲ. ಪೌಲನು ಸೆರೆಯಲ್ಲಿದ್ದಾಗ ಕೆಲವರು ಹೊಟ್ಟೆಕಿಚ್ಚಿನಿಂದಲೇ ಕ್ರಿಸ್ತನನ್ನು ಸಾರುತ್ತಿದ್ದರು. ಹೇಗಾದರೂ ಸಾರುವ ಕೆಲಸ ನಡೆಯಿತಲ್ಲ ಎಂದು ಆತ ಸಂತೋಷಪಟ್ಟದ್ದು ಫಿಲಿಪ್ಪಿಯವರಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿದೆ. ನಿಮ್ಮ ಭತ್ತದಿಂದ ಯಾರ ಮನೆಯ ಒಲೆ ಹೊತ್ತಿತೋ ಅವರ ಹಸಿವಂತೂ ತೀರಿತು.

ಹಾಗಾದರೆ ಮನಸ್ಸು ಹೇಗಿದ್ದರೂ ನಡೆಯುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಪ್ರೀತಿಯಿಲ್ಲದೆ ಸರ್ವಸ್ವವನ್ನು ಹಂಚಿದರೂ ಪ್ರಯೋಜನವಿಲ್ಲವೆಂದು ಅದೇ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ತಿಳಿಸಿದ. ಗಮನಿಸಿ, ನಷ್ಟ ಕೊಟ್ಟವನಿಗೆ, ಪಡೆದವನಿಗಲ್ಲ. ಆದರೆ ಆ ಪತ್ರದ 4ನೇ ಅಧ್ಯಾಯದಲ್ಲಿ, ತನ್ನ ಒಳಗನ್ನು ಕೊನೆಯದಾಗಿ ವಿಚಾರಿಸುವವನು ಕರ್ತನೇ ಹೊರತು ತಾನಲ್ಲ ಎನ್ನುತ್ತಾನೆ. ಆದ್ದರಿಂದ ಭಾವನೆಯನ್ನು ಕೆದಕುತ್ತ ಕೂರಬೇಡಿ, ನಡತೆಯನ್ನು ನೋಡಿ. 1915ರಲ್ಲಿ ಪಕ್ಕದ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನೂ ತನ್ನನ್ನು ಅಳೆದುಕೊಂಡದ್ದು ಹೀಗೆಯೇ: ಬೌದ್ಧನಾಗಿ ಎರಡೂವರೆ ವರ್ಷದ ಮೇಲಾಯಿತು, ಹುರುಪಿನಿಂದ ತೊಡಗಿದ್ದು ಅದರಲ್ಲಿ ಎಷ್ಟು ಕಾಲ ಎಂದು. ಧರ್ಮ ಬೇರೆ, ಲೆಕ್ಕ ಪ್ರಾಮಾಣಿಕ. ನಿಮ್ಮ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸರ ಕೂಲಿ ಚುಕ್ತಾ ಆಗಿದೆಯೇ? ಕೂಲಿ ಹಿಡಿದಿಟ್ಟವರ ಬಗ್ಗೆ ಯಾಕೋಬನ ಪತ್ರದ 5ನೇ ಅಧ್ಯಾಯ ಬಹಳ ಕಠಿಣ. ಬಾಕಿಯಿದ್ದರೆ ಮೊದಲು ಅದನ್ನು ಕೊಟ್ಟು ಬನ್ನಿ. ಮುಂದಿನ ಸುಗ್ಗಿಗೆ ಹೆಸರು ಕೂಗಬೇಡಿ ಎಂದು ಸಭಾಪಾಲಕರಿಗೆ ಮುಂಚೆಯೇ ಹೇಳಿ, ಅಷ್ಟೇ ಚೀಲ ಕೊಡಿ. ಕೈ ಹಿಂಜರಿದರೆ ಅದನ್ನು ಪ್ರಾರ್ಥನೆಯಲ್ಲಿ ಹೇಳಿಕೊಳ್ಳಿ, ಚೀಲ ಮಾತ್ರ ಕಡಿಮೆ ಮಾಡಬೇಡಿ.