ಮೊದಲು ನೆಲ, ಆಮೇಲೆ ಮಳೆ

ಕಡಕೊಳದಲ್ಲಿ ಕೆಲಸ ಸಿಕ್ಕಿತು, ಬೈಕು ಬುಕ್ ಮಾಡಬೇಕು, ಜೊತೆಗೆ ಮಳೆಗಾಲಕ್ಕೆ ಒಂದು ವಾಟರ್‌ಪ್ರೂಫ್ ರೈಡಿಂಗ್ ಸೂಟು. ಯಾವುದನ್ನು ತಗೊಳ್ಳಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ತಾಂಡವಪುರದ ಕಡೆ ಬಟ್ಟೆ ಗಿರಣಿಯಲ್ಲಿ ತಲೆ ನರೆಸಿಕೊಂಡವನನ್ನು ಕೇಳಿದ್ದು ಸರಿಯಾಗಿಯೇ ಇದೆ ಮಗಳೇ. ಆದರೆ ನಿನ್ನ ಪ್ರಶ್ನೆಯಲ್ಲಿ ಮಳೆಗೆ ಮೊದಲ ಮಣೆ. ನಾನು ಅದನ್ನು ಎರಡನೆಯ ಸಾಲಿಗೆ ಕೂರಿಸುತ್ತೇನೆ. ಮಳೆ ನೆನೆಸುತ್ತದೆ, ಮನೆಗೆ ಬಂದು ತಲೆ ಒರೆಸಿಕೊಂಡರೆ ಆಯಿತು. ಡಾಂಬರು ಹಾಗಲ್ಲ, ಒಂದು ಸಲ ಜಾರಿದರೆ ಅಂಗಿಯನ್ನೂ ಚರ್ಮವನ್ನೂ ಒಟ್ಟಿಗೇ ಕಿತ್ತುಕೊಳ್ಳುತ್ತದೆ. ಆದ್ದರಿಂದ ಸೂಟನ್ನು ಮೊದಲು ನೆಲಕ್ಕಾಗಿ ಆರಿಸು. ಮಳೆಗೆ ಏನು ಮಾಡಬೇಕು ಎನ್ನುವುದು ಆಮೇಲಿನ ಮಾತು.

ನೀನು ದಿನಾ ಹೋಗಿಬರುವ ದಾರಿ ಎಂಥದು ಅಂತ ಒಮ್ಮೆ ನೆನೆ. ಮೈಸೂರು ಬಿಟ್ಟು ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದರೆ ರಾಷ್ಟ್ರೀಯ ಹೆದ್ದಾರಿ 766 ನೇರವಾಗಿ ಮಲಗಿದೆ, ಎಲ್ಲರ ಕೈಯೂ ತಾನಾಗಿಯೇ ಆಕ್ಸಿಲರೇಟರ್ ತಿರುಗಿಸುತ್ತದೆ. ಕೈಗಾರಿಕಾ ಪ್ರದೇಶಕ್ಕೆ ತಿರುಗುವ ಕಂಟೇನರ್ ಲಾರಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಮೊಪೆಡ್, ಎಲ್ಲವೂ ಅದೇ ರಸ್ತೆಯಲ್ಲಿ. ಬೈಕನ್ನೇ ಹೆರುವ ಸೀಮೆ ಇದು. ಕಡಕೊಳ ಪೋಸ್ಟಿಗೆ ಸೇರಿದ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಕಾರ್ಖಾನೆ ಇದೆ. ಅದಕ್ಕೂ ಮುಂಚೆ, 1961ರಿಂದ 1996ರವರೆಗೆ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ ಜಾವಾ, ಯೆಜ್ಡಿಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು. ಇಷ್ಟಾದರೂ ಬೈಕಿನ ಮೇಲೆ ಏನು ತೊಟ್ಟು ಕೂರಬೇಕು ಎಂದು ನಾವು ತಲೆ ಕೆಡಿಸಿಕೊಂಡವರಲ್ಲ. ನಮ್ಮ ಕಾಲದಲ್ಲಿ ಚಳಿಗೆ ಅಂಗಿಯೊಳಗೆ ಮಡಚಿಟ್ಟ ‘ಆಂದೋಲನ’ ಪತ್ರಿಕೆ, ಮಳೆಗೆ ಡಕ್‌ಬ್ಯಾಕ್ ರೇನ್‌ಕೋಟು. ಬಿದ್ದರೆ ದೇವರಿದ್ದಾನೆ. ಇವತ್ತಿಗೂ ಕಾನೂನು ಕೇಳುವುದು ಹೆಲ್ಮೆಟ್ ಒಂದನ್ನೇ. ಮಿಕ್ಕ ಮೈ ನಿನ್ನ ಜವಾಬ್ದಾರಿ.

ಅಂಗಡಿಗೆ ಹೋದಾಗ ಹೊರಗಿನ ಬಣ್ಣ ನೋಡುವ ಮೊದಲು ಒಳಗಿನ ಲೇಬಲ್ ಓದು. ಬೈಕ್ ಸವಾರರ ಉಡುಪಿಗೆ ಯೂರೋಪಿನವರು 2020ರಲ್ಲಿ ಇಎನ್ 17092 ಎಂಬ ಮಾನದಂಡ ತಂದರು. ನಮ್ಮ ದೇಶದ ಒಳ್ಳೆಯ ಕಂಪನಿಗಳೂ ಈಗ ಅದರ ಪ್ರಕಾರ ಪರೀಕ್ಷೆ ಮಾಡಿಸುತ್ತವೆ. ಅದರಲ್ಲಿ ಎಎಎ, ಎಎ, ಎ ಎಂದು ದರ್ಜೆಗಳಿವೆ. ಭುಜ, ಮೊಣಕೈ, ಮಂಡಿಯಂಥ ನೆಲಕ್ಕೆ ಮೊದಲು ತಾಗುವ ಜಾಗದ ಬಟ್ಟೆಯನ್ನು ತಿರುಗುವ ಯಂತ್ರಕ್ಕೆ ಕಟ್ಟಿ ಒರಟು ನೆಲಕ್ಕೆ ಬಿಡುತ್ತಾರೆ. ಎಎಎಗೆ ಗಂಟೆಗೆ 120 ಕಿಲೋಮೀಟರ್ ವೇಗ, ಎಎಗೆ 70, ಎಗೆ 45. ಬಟ್ಟೆ ತೂತಾಗಬಾರದು. ನಂಜನಗೂಡು ರಸ್ತೆಯಲ್ಲಿ ನೀನು ಓಡಿಸುವ ವೇಗ ನಿನಗೇ ಗೊತ್ತು. ಎಎಗಿಂತ ಕೆಳಗೆ ಇಳಿಯಬೇಡ. ಬಿ ಎಂದಿದ್ದರೆ ಅದರಲ್ಲಿ ಪೆಟ್ಟು ತಡೆಯುವ ಗಾರ್ಡ್ ಇಲ್ಲ. ಸಿ ಎಂದಿದ್ದರೆ ಬರೀ ಗಾರ್ಡ್ ಹಿಡಿದಿಡುವ ಬಲೆ, ಉಜ್ಜಾಟಕ್ಕೆ ಅದು ತಡೆಯದು.

ಅಂಗಡಿಯವನು ‘600 ಡೀನಿಯರ್ ಮೇಡಂ’ ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಅದು ನನ್ನ ಕಸುಬಿನ ಮಾತು, ಕೇಳು. 9,000 ಮೀಟರ್ ನೂಲನ್ನು ತೂಗಿದರೆ ಎಷ್ಟು ಗ್ರಾಮೋ ಅದೇ ಡೀನಿಯರ್. ಅಂದರೆ ಅದು ನೂಲು ಎಷ್ಟು ದಪ್ಪ ಎಂದು ಹೇಳುತ್ತದೆಯೇ ಹೊರತು ಎಷ್ಟು ಗಟ್ಟಿ ಎಂದಲ್ಲ. ಅದೇ ದಪ್ಪದ ಪಾಲಿಯೆಸ್ಟರಿಗಿಂತ ಒಳ್ಳೆಯ ನೈಲಾನ್ ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ. ಕಾರ್ಡುರಾ ಎಂಬ ಹೆಸರಿಗೆ ಬೆಲೆ ಬಂದದ್ದು ಅದರಿಂದ. ಹಾಸು ಹೊಕ್ಕು ಎಷ್ಟು ಒತ್ತಾಗಿವೆ ಎನ್ನುವುದೂ ಮುಖ್ಯ. ಇನ್ನೊಂದು ಗುಟ್ಟು: ಬಿದ್ದಾಗ ಎಷ್ಟೋ ಜಾಕೆಟ್‌ಗಳಲ್ಲಿ ಬಟ್ಟೆಗಿಂತ ಮೊದಲು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಭುಜದ ಹೊಲಿಗೆಯನ್ನು ಎರಡು ಕೈಯಲ್ಲೂ ಹಿಡಿದು ಎಳೆದು ನೋಡು. ದಾರದ ನಡುವೆ ಬೆಳಕು ಕಂಡರೆ ಅದು ಎಷ್ಟೇ ಡೀನಿಯರ್ ಆಗಲಿ, ಅಲ್ಲೇ ಇಟ್ಟು ಬಾ.

ಗಾರ್ಡುಗಳನ್ನು ಹೊರಗೆ ತೆಗೆದು ನೋಡುವುದಕ್ಕೆ ಸಂಕೋಚ ಬೇಡ. ಕೈಕಾಲಿನದಕ್ಕೆ ಇಎನ್ 1621-1, ಬೆನ್ನಿನದಕ್ಕೆ 1621-2 ಎಂದು ಅಚ್ಚಾಗಿರಬೇಕು, ಪಕ್ಕದಲ್ಲಿ 1 ಅಥವಾ 2 ಎಂಬ ಮಟ್ಟ. ಪೆಟ್ಟಿನ ಬಲ ಮೈಗೆ ಎಷ್ಟು ದಾಟುತ್ತದೆ ಎಂಬ ಲೆಕ್ಕ ಅದು: ಕೈಕಾಲಿನ ಗಾರ್ಡಿನಲ್ಲಿ ಮೊದಲ ಮಟ್ಟಕ್ಕೆ ಸರಾಸರಿ 35 ಕಿಲೋನ್ಯೂಟನ್‌ವರೆಗೆ ಬಿಡುತ್ತಾರೆ, ಎರಡನೆಯದಕ್ಕೆ 20. ಟಿ ಅಕ್ಷರದ ಮುಂದೆ ಕೂಡಿಸುವ ಚಿಹ್ನೆ ಇದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆಯಾಗಿದೆ ಎಂದರ್ಥ. ಏಪ್ರಿಲ್ ಮಧ್ಯಾಹ್ನ ಕಾರ್ಖಾನೆಯ ಪಾರ್ಕಿಂಗಿನಲ್ಲಿ ಬೈಕಿನ ಮೇಲೆ ಜಾಕೆಟ್ ಬಿಡುವವರಿಗೆ ಅದು ಬೇಕಾದ ಗುರುತು. ಬೆನ್ನಿನ ಜಾಗದಲ್ಲಿ ಬರೀ ಸ್ಪಂಜು ತುರುಕಿ ಮಾರುವುದು ಮಾಮೂಲು. ಅಚ್ಚು ಇಲ್ಲದ್ದು ಗಾರ್ಡ್ ಅಲ್ಲ, ದಿಂಬು. ಬೇರೆಯದನ್ನು ಕೊಂಡು ಹಾಕಿಸು.

ಇನ್ನು ಮಳೆ. ನೀರು ತಡೆಯುವುದಕ್ಕೆ ಸೂಟಿನವರು ಮೂರು ಉಪಾಯ ಮಾಡುತ್ತಾರೆ. ಒಂದು, ನೀರು ತಡೆದು ಆವಿ ಬಿಡುವ ತೆಳ್ಳನೆಯ ಪೊರೆಯನ್ನು ಹೊರಬಟ್ಟೆಯ ಬೆನ್ನಿಗೇ ಅಂಟಿಸುವುದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಟೆಫ್ಲಾನ್ ಜಾತಿಯ ವಸ್ತುವನ್ನೇ ಜಗ್ಗಿ ಎಳೆದು ಇಂಥ ಪೊರೆ ಕಂಡುಕೊಂಡ, ಗೋರ್‌ಟೆಕ್ಸ್ ಎಂದರೆ ಅದೇ. ಎರಡು, ಪೊರೆಯನ್ನು ಹೊರಬಟ್ಟೆಗೂ ಅಸ್ತರಿಗೂ ನಡುವೆ ಇಳಿಬಿಡುವುದು, ಇಲ್ಲವೇ ಬಿಚ್ಚಿ ಹಾಕುವ ಒಳ ಲೈನರ್ ಕೊಡುವುದು. ನಮ್ಮ ಮಾರುಕಟ್ಟೆಯಲ್ಲಿ ಕೈಗೆಟುಕುವ ಬೆಲೆಯವು ಬಹುಪಾಲು ಈ ಬಗೆಯವು. ಮೂರು, ಎಲ್ಲದರ ಮೇಲೆ ಹಾಕಿಕೊಳ್ಳುವ ತೆಳು ಮಳೆ ಅಂಗಿ, ಮಳೆ ಪ್ಯಾಂಟು.

ಎರಡನೆಯದರ ತೊಂದರೆಯನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಲೈನರ್ ಒಳಗಿರುವುದರಿಂದ ನೀನೇನೋ ಒಣಗಿಯೇ ಇರುತ್ತೀಯ, ಆದರೆ ಹೊರಬಟ್ಟೆ ನೀರು ಕುಡಿದು ಒದ್ದೆ ಕಂಬಳಿ ಹೊದ್ದ ಹಾಗಾಗುತ್ತದೆ. ಗಾಳಿಗೆ ಆ ನೀರು ಆರುತ್ತಾ ಮೈಯ ಶಾಖ ಎಳೆಯುತ್ತದೆ. ಅದಕ್ಕಿಂತ ದೊಡ್ಡ ಪೇಚು ಮಾರನೆಯ ದಿನದ್ದು. ಸೆಕೆಂಡ್ ಶಿಫ್ಟ್ ಮುಗಿಸಿ ನೆನೆದು ಬಂದ ಜಾಕೆಟ್ಟು ಬೆಳಗಾಗುವುದರೊಳಗೆ ಒಣಗುವುದಿಲ್ಲ. ಒದ್ದೆ ಜಾಕೆಟ್ಟನ್ನು ಯಾರು ತೊಡುತ್ತಾರೆ? ಮನೆಯಲ್ಲಿ ನೇತುಹಾಕಿ ಬರೀ ಅಂಗಿಯಲ್ಲಿ ಹೊರಡುತ್ತೀಯ. ನೆನೆದ ರಸ್ತೆಯಲ್ಲಿ, ಜಾರುವ ದಿನವೇ, ಗಾರ್ಡ್ ಇಲ್ಲದೆ.

ನಮ್ಮ ಮಳೆಯ ಸ್ವಭಾವವೂ ಈ ಲೆಕ್ಕಕ್ಕೆ ಸೇರಬೇಕು. ಮೈಸೂರಿಗೆ ಮಳೆ ಜೋರು ಬರುವುದು ಆಷಾಢದಲ್ಲಲ್ಲ. ಮೇ ತಿಂಗಳ ಭರಣಿ, ಕೃತ್ತಿಕೆಯ ಸಂಜೆಗಳಲ್ಲಿ ಗುಡುಗಿ ಸುರಿಯುತ್ತದೆ, ಮತ್ತೆ ಅಕ್ಟೋಬರಿನ ಚಿತ್ತೆಯಲ್ಲಿ. ನಡುವೆ ಆರಿದ್ರಾ, ಪುನರ್ವಸು ಎಂದರೆ ನಮಗೆ ಬರೀ ಸೋನೆ ಮತ್ತು ಗಾಳಿ. ಅಂದರೆ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸೆಕೆ, ಸಂಜೆ ಅರ್ಧ ಗಂಟೆ ಜಡಿಮಳೆ. ಈ ಹವೆಗೆ ದಿನವಿಡೀ ಪೊರೆ ಹೊತ್ತ ದಪ್ಪ ಸೂಟು ಬೆವರಿನ ಚೀಲ. ಪೊರೆ ಉಸಿರಾಡುತ್ತದೆ ಎಂದು ಬರೆದಿರುತ್ತಾರೆ, ಸುಳ್ಳಲ್ಲ. ಆದರೆ ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಗಾಳಿಯೇ ನೀರು ತುಂಬಿಕೊಂಡು ನಿಂತ ಮೇ ತಿಂಗಳ ಸಂಜೆಯಲ್ಲಿ ಅದು ಎಲ್ಲಿಗೆ ಹೋದೀತು?

ಹಾಗಾಗಿ ಕಡಕೊಳಕ್ಕೆ ದಿನಾ ಓಡಾಡುವ ನಿನಗೆ ನಾನು ಹೇಳುವುದು ಇಷ್ಟು. ಗಾಳಿಯಾಡುವ, ಗಾರ್ಡುಗಳಿರುವ ಗಟ್ಟಿ ಜಾಕೆಟ್ಟು, ಪ್ಯಾಂಟು. ಮೇಲೆ ಹಾಕಲು ಬೇರೆಯಾದ ಮಳೆ ಅಂಗಿ, ಮಳೆ ಪ್ಯಾಂಟು, ಸೀಟಿನ ಬ್ಯಾಗಿನಲ್ಲಿ ಸದಾ. ನೀರು ಹೊರಗೇ ನಿಲ್ಲುತ್ತದೆ, ಜಾಕೆಟ್ಟು ನಾಳೆಗೂ ಒಣಗಿರುತ್ತದೆ. ನಿಂತು ಹಾಕಿಕೊಳ್ಳಲು ಐದು ನಿಮಿಷ ಹಿಡಿಯುತ್ತದೆ ಎಂಬುದೇ ಇದರ ಕೊರತೆ. ಮೊದಲ ಹನಿಗೇ ನಿಲ್ಲು. ಮನೆ ಹತ್ತಿರವಾಯಿತು ಎಂದು ಎಳೆಯಬೇಡ. ಹೊಸ ಮಳೆ ರಸ್ತೆಯ ಎಣ್ಣೆ, ಧೂಳನ್ನು ಎಬ್ಬಿಸಿ ನೆಲವನ್ನು ಜಾರಿಸುವುದು ಆ ಮೊದಲ ನಿಮಿಷಗಳಲ್ಲೇ. ಕಚೇರಿ ಬಟ್ಟೆಯ ಮೇಲೇ ಕಾಲಿನಿಂದ ಕತ್ತಿನವರೆಗೆ ಜಿಪ್ ಎಳೆದು ಹೊರಡುವ ಒಂದೇ ತುಂಡಿನ ಸೂಟೂ ಉಂಟು. ಅಮೆರಿಕದ ಡುಲುತ್ ಊರಿನ ಏರೋಸ್ಟಿಚ್ ಕಂಪನಿ 1980ರ ದಶಕದಿಂದ ಅದನ್ನು ಹೊಲಿಯುತ್ತಿದೆ. ದಿನದ ಸವಾರರಿಗೆಂದೇ ಹುಟ್ಟಿದ ಒಳ್ಳೆಯ ಯೋಚನೆ. ಆದರೆ ಅದು ಹಿಮ ಬೀಳುವ ಊರಿನದು. ನಮ್ಮ ಸೆಕೆಗೆ ಎರಡು ತುಂಡಿನದೇ ಮೇಲು. ನಡುವನ್ನು ಜಿಪ್ಪಿನಿಂದ ಕೂಡಿಸುವ ಹಾಗಿರಲಿ, ಬಿದ್ದಾಗ ಜಾಕೆಟ್ಟು ಮೇಲೆ ಸರಿಯದು.

ಪ್ರವಾಸದ ಮಾತು ಬೇರೆ. ಪುಷ್ಯ ಮಳೆಯಲ್ಲಿ ಮಡಿಕೇರಿ, ಆಗುಂಬೆ ಎಂದು ಹೊರಟರೆ ದಿನವಿಡೀ ಸುರಿಯುತ್ತದೆ. ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿರುವ ಊಟಿಯಲ್ಲಿ ನೆನೆದ ಬಟ್ಟೆ ಕೈ ಮರಗಟ್ಟಿಸುತ್ತದೆ, ಬ್ರೇಕ್ ಹಿಡಿಯುವ ಬೆರಳು ಮಾತು ಕೇಳುವುದಿಲ್ಲ. ಅಂಥ ಕಡೆ ಹೊರಬಟ್ಟೆಗೇ ಪೊರೆ ಅಂಟಿಸಿದ ಸೂಟು ಕೊಟ್ಟ ಹಣಕ್ಕೆ ಮೋಸ ಮಾಡದು. ವರ್ಷಕ್ಕೆ ಒಂದೆರಡು ಸಲದ ಪ್ರವಾಸಕ್ಕೆ ಅದನ್ನು ಕೊಳ್ಳಬೇಡ. ಮಳೆಗಾಲದ ಘಟ್ಟಗಳೇ ನಿನ್ನ ಚಟವಾದ ಮೇಲೆ ಕೊಂಡರಾಯಿತು. ಯಾವ ಸೂಟು ತೊಟ್ಟರೂ ಒಂದು ನೆನಪಿಡು. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಗೇಟು ಹಾಕಿಬಿಡುತ್ತಾರೆ ಎಂದು ಮಳೆಯಲ್ಲಿ ಕಾಡಿನ ರಸ್ತೆಯಲ್ಲಿ ಓಡಿಸಬೇಡ. ಗುಂಡ್ಲುಪೇಟೆಯಲ್ಲೇ ಉಳಿದುಕೋ.

ಅಳತೆ ನೋಡುವಾಗ ಕನ್ನಡಿ ಮುಂದೆ ನಿಲ್ಲಬೇಡ, ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿ. ತೋಳು ಮಣಿಕಟ್ಟಿನಿಂದ ಮೇಲೇರಬಾರದು, ಮಂಡಿಯ ಗಾರ್ಡ್ ಮಂಡಿಯ ಮೇಲೇ ಕೂರಬೇಕು, ಕೈಯಿಂದ ತಿರುಚಿದರೆ ಸರಿದಾಡಬಾರದು. ಬಹಳಷ್ಟು ಅಂಗಡಿಗಳಲ್ಲಿ ಗಂಡಸರ ಅಳತೆಯದನ್ನೇ ‘ಯೂನಿಸೆಕ್ಸ್’ ಎಂದು ಕೊಡುತ್ತಾರೆ. ಭುಜ ಅಗಲ, ಸೊಂಟ ಬಿಗಿ ಆಗಿ ಗಾರ್ಡುಗಳು ನಿನಗೆ ಬೇಕಾದ ಜಾಗದಲ್ಲಿ ಇರುವುದಿಲ್ಲ. ಹೆಂಗಸರ ಅಳತೆಯದೇ ಬೇಕು ಎಂದು ಕೇಳಿ ತರಿಸು. ಮಳೆ ಬಟ್ಟೆಯನ್ನು ಜಾಕೆಟ್ಟಿನ ಮೇಲೆಯೇ ಹಾಕಿ ನೋಡು. ನೀರು ನುಗ್ಗುವುದು ಬಟ್ಟೆಯಿಂದಲ್ಲ, ಕೂತಾಗ ಮಡುಗಟ್ಟುವ ತೊಡೆಸಂದಿನ ಹೊಲಿಗೆಯಿಂದ, ಕತ್ತಿನಿಂದ, ಜಿಪ್ಪಿನಿಂದ. ಹೊಲಿಗೆಗಳ ಒಳಬದಿಗೆ ಟೇಪ್ ಅಂಟಿಸಿದ್ದಾರೆಯೇ, ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಇದೆಯೇ ನೋಡು. ಪ್ಯಾಂಟು ಶೂ ಮೇಲೆ ಇಳಿದಿರಲಿ. ಮಳೆ ಬಟ್ಟೆ ಕಪ್ಪು ಬೇಡ; ಹಳದಿಯೋ ಕಿತ್ತಳೆಯೋ ಇದ್ದು ಹೊಳೆಯುವ ಪಟ್ಟಿ ಇರಲಿ. ಕೆಳಗಿನ ಜಾಕೆಟ್ಟಿನ ಪಟ್ಟಿಯನ್ನು ಅದು ಮುಚ್ಚಿಬಿಡುತ್ತದೆ, ಮಳೆಯ ರಾತ್ರಿ ಲಾರಿಯವನಿಗೆ ಕಾಣುವುದು ಹೊರಗಿನದು ಮಾತ್ರ.

ಕೊಂಡ ಮೇಲೆ ಬಾಳಿಸುವುದೂ ಒಂದು ವಿದ್ಯೆ. ಗಾರ್ಡು ತೆಗೆದು, ಸೌಮ್ಯ ಸೋಪಿನ ನೀರಿನಲ್ಲಿ ಕೈಯಲ್ಲಿ ಒಗೆದು, ನೆರಳಲ್ಲಿ ಒಣಗಿಸು. ಬ್ರಶ್ಶು, ಕಂಫರ್ಟಿನಂಥ ಸಾಫ್ಟನರು ಬೇಡ, ನೀರು ಜಾರಿಸುವ ಲೇಪ ಕೆಡುತ್ತದೆ. ಒದ್ದೆ ಮಳೆ ಬಟ್ಟೆಯನ್ನು ಚೀಲಕ್ಕೆ ತುರುಕಿ ಮರೆತರೆ ಒಳಗಿನ ಪಾಲಿಯುರೆಥೇನ್ ಲೇಪ ಅಂಟಂಟಾಗಿ ಸುಲಿದುಬರುತ್ತದೆ. ಹಾಗಾದ ಮೇಲೆ ಅದನ್ನು ರಿಪೇರಿ ಮಾಡುವವರಿಲ್ಲ.

ಕೊನೆಗೆ ದುಡ್ಡಿನ ಮಾತು. ಬೋನಸ್ ಬರಲಿ, ದಸರಾ ಆಫರ್ ಬರಲಿ, ಆಮೇಲೆ ಸೂಟು ಎನ್ನಬೇಡ. ಬೈಕಿನ ಬೆಲೆ ಎಂದರೆ ಷೋರೂಮಿನವರು ಬರೆದುಕೊಡುವುದಲ್ಲ. ಅದಕ್ಕೆ ಐಎಸ್‌ಐ ಹೆಲ್ಮೆಟ್ಟು, ಗ್ಲೌಸು, ಶೂ, ಜಾಕೆಟ್ಟು, ಪ್ಯಾಂಟು, ಮಳೆ ಬಟ್ಟೆ ಕೂಡಿಸಿದ ಮೇಲೆ ಬರುವುದು. ಹಿಂದೆ ಕೂರುವವರು ಇದ್ದರೆ ಅವರದ್ದೂ ಸೇರಿಸು. ಕೂಡಿದ ಲೆಕ್ಕ ನಿನ್ನ ಕಂತಿಗೆ ಮೀರಿದರೆ ಸೂಟಿನಲ್ಲಿ ಕಡಿತ ಮಾಡಬೇಡ ಮಗಳೇ, ಒಂದು ಮೆಟ್ಟಿಲು ಕೆಳಗಿನ ಬೈಕು ತಗೋ. ನೂರ ಇಪ್ಪತ್ತೈದು ಸಿಸಿಯೂ ಕಡಕೊಳಕ್ಕೆ ಶಿಫ್ಟಿನ ಹೊತ್ತಿಗೆ ಮುಟ್ಟಿಸುತ್ತದೆ.