ಬರಲಿ, ಆಗಲಿ ಎನ್ನುವ ಸ್ಪ್ಯಾನಿಷ್

ಸ್ಪ್ಯಾನಿಷ್ ಕಲಿಯುವವರಲ್ಲಿ ಎಷ್ಟೋ ಜನ ಸಬ್‌ಜಂಕ್ಟಿವ್ ಎನ್ನುವ ಕ್ರಿಯಾರೂಪದ ಹೆಸರು ಕೇಳಿದರೇ ಹಿಂದೇಟು ಹಾಕುತ್ತಾರೆ. ಮ್ಯಾಡ್ರಿಡ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಅದನ್ನು ಹೆಚ್ಚಾಗಿ ಕಲಿತದ್ದು ಆಫೀಸಿನ ಊಟದ ಕೋಣೆಯಲ್ಲಿ. ಡಬ್ಬಿ ಬಿಚ್ಚಿ ಕೂತವರ ಪಕ್ಕ ಹಾದುಹೋಗುವವರು, ಪರಿಚಯ ಇರಲಿ ಬಿಡಲಿ, ‘ಕೆ ಅಪ್ರೊಬೆಚೆ’ ಅನ್ನುತ್ತಾರೆ: ಉಂಡದ್ದು ಮೈಗೆ ಹತ್ತಲಿ ಅಂತ. ಸಂಜೆ ಹೊರಟರೆ ‘ಕೆ ದೆಸ್ಕಾನ್ಸೆಸ್’, ಒಳ್ಳೆಯ ವಿಶ್ರಾಂತಿ ಸಿಗಲಿ. ಹುಟ್ಟುಹಬ್ಬಕ್ಕೆ ‘ಕೆ ಕುಂಪ್ಲಾಸ್ ಮುಚೋಸ್ ಮಾಸ್’, ಇನ್ನೂ ಬಹಳ ವರ್ಷ ತುಂಬಲಿ. ಇವೆಲ್ಲ ಸಬ್‌ಜಂಕ್ಟಿವ್ ರೂಪಗಳೇ. ಕೋಷ್ಟಕ ಬಾಯಿಪಾಠ ಮಾಡುವುದಕ್ಕೆ ಮೊದಲು ಇಂಥ ಹಾರೈಕೆಗಳನ್ನು ನಾಲಿಗೆಗೆ ಹತ್ತಿಸಿಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಬರಲಿ’, ‘ಆಗಲಿ’ ಅನ್ನದೆ ದಿನ ಕಳೆಯದ ಕನ್ನಡಿಗರಿಗಂತೂ ಇದೇ ಹತ್ತಿರದ ದಾರಿ.

ನಿಯಮಿತ ಕ್ರಿಯಾಪದಗಳ ರೂಪ ಕಲಿಯಲು ಒಂದು ಸಂಜೆ ಸಾಕು. ಸ್ವರಗಳು ಪರಸ್ಪರ ಜಾಗ ಬದಲಾಯಿಸುತ್ತವೆ, ಅಷ್ಟೇ. ಮಾತಾಡು ಎನ್ನುವ ಅರ್ಥದ ‘ಅಬ್ಲಾರ್’ ವರ್ತಮಾನದಲ್ಲಿ ‘ಆಬ್ಲಾಸ್’, ಅಂದರೆ ನೀನು ಮಾತಾಡುತ್ತೀಯ, ಸಬ್‌ಜಂಕ್ಟಿವ್‌ನಲ್ಲಿ ‘ಆಬ್ಲೆಸ್’. ‘ಎರ್’, ‘ಇರ್’ ಎಂದು ಮುಗಿಯುವವು ಇದಕ್ಕೆ ತಿರುಗುಮುರುಗು: ತಿನ್ನುತ್ತೀಯ ಎನ್ನಲು ‘ಕೊಮೆಸ್’, ನೀನು ತಿನ್ನುವಂತಾಗಲಿ ಎನ್ನಲು ‘ಕೊಮಾಸ್’, ಬರೆಯುವುದಕ್ಕೆ ‘ಎಸ್ಕ್ರಿಬೆಸ್’, ‘ಎಸ್ಕ್ರಿಬಾಸ್’.

ನಾನು ನೋಟ್ಸನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಿದ್ದೆ. ಅದರಿಂದ ಒಂದು ದೊಡ್ಡ ಉಪಕಾರವಾಯಿತು. ಹುಡುಕು ಎನ್ನುವ ‘ಬುಸ್ಕಾರ್’ ಸಬ್‌ಜಂಕ್ಟಿವ್‌ಗೆ ಬಂದಾಗ ರೋಮನ್ ಲಿಪಿಯಲ್ಲಿ ‘ಸಿ’ ಹೋಗಿ ‘ಕ್ಯು’, ‘ಯು’ ಎರಡಕ್ಷರ ಬರುತ್ತವೆ. ತಲುಪು ಎನ್ನುವ ‘ಯೆಗಾರ್’ಗೆ ‘ಜಿ’ ಮುಂದೆ ‘ಯು’ ಸೇರುತ್ತದೆ. ಕನ್ನಡದಲ್ಲಿ ಬರೆದರೆ ಬುಸ್ಕಾಸ್, ಬುಸ್ಕೆಸ್; ಯೆಗಾಸ್, ಯೆಗೆಸ್. ತೊಡಕೇ ಇಲ್ಲ. ಕ, ಗ ಉಚ್ಚಾರ ಕೆಡದಿರಲೆಂದೇ ಅವರು ಕಾಗುಣಿತ ತಿದ್ದಿಕೊಂಡಿರುವುದು. ಆದರೆ ಒತ್ತಿನ ವಿಷಯದಲ್ಲಿ ನಮ್ಮ ಕಿವಿಗೆ ಹೊಸ ಅಭ್ಯಾಸ ಬೇಕು. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ಆಬ್ಲೆ’ ಅಂದರೆ ‘ಮಾತಾಡಲಿ’. ಕೊನೆಗೆ ಒತ್ತು ಬಿದ್ದು ‘ಅಬ್ಲೇ’ ಆದರೆ ‘ನಾನು ಮಾತಾಡಿದೆ’. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ಆದ್ದರಿಂದ ಇದನ್ನು ಗಟ್ಟಿಯಾಗಿ ಹೇಳಿ ಹೇಳಿಯೇ ರೂಢಿಸಿಕೊಳ್ಳಬೇಕು.

ರೂಪಕ್ಕಿಂತ ಹೆಚ್ಚು ಕಾಲ ಬೇಡುವುದು ಅದನ್ನು ಎಲ್ಲಿ ಬಳಸಬೇಕೆನ್ನುವ ತಿಳಿವಳಿಕೆ. ಆಸೆಯೂ ನನ್ನದೇ, ಕೆಲಸವೂ ನನ್ನದೇ ಆದರೆ ‘ಕಿಯೆರೊ ಅಬ್ಲಾರ್’, ನನಗೆ ಮಾತಾಡಬೇಕು. ಆಸೆ ನನ್ನದು, ಮಾತಾಡಬೇಕಾದವನು ನೀನು ಅಂತಾದರೆ ನಡುವೆ ‘ಕೆ’ ಬಂದು ‘ಕಿಯೆರೊ ಕೆ ಆಬ್ಲೆಸ್’ ಆಗುತ್ತದೆ. ಹಾಗಾಗಿ ವಾಕ್ಯದ ಮೊದಲರ್ಧ ಕೇಳಿಸಿಕೊಳ್ಳುವಾಗಲೇ ಮುಂದಿನ ಕ್ರಿಯಾಪದಕ್ಕೆ ಸಿದ್ಧವಾಗಬೇಕು. ಕಾಲವೂ ಹೀಗೆಯೇ. ‘ಕ್ವಾಂದೊ ಯೆಗಾಸ್’ ಅಂದರೆ ನೀನು ಬಂದಾಗಲೆಲ್ಲ. ‘ಕ್ವಾಂದೊ ಯೆಗೆಸ್’ ಅಂದರೆ ಇನ್ನು ಮುಂದೆ ಬಂದಾಗ. ನಡೆಯುತ್ತಿರುವುದಕ್ಕೂ ನಡೆಯಬೇಕಾದದ್ದಕ್ಕೂ ಒಂದೇ ಸ್ವರದ ಅಂತರ! ಅನುಮಾನಕ್ಕೆ ನಮ್ಮ ಸಂಭಾವನಾರ್ಥಕ ರೂಪ ಚೆನ್ನಾಗಿ ಹೊಂದುತ್ತದೆ: ‘ತಾಲ್ ಬೆತ್ ಯೆಗೆ ಮನ್ಯಾನಾ’, ನಾಳೆ ಬಂದಾನು.

ಕನ್ನಡದ ನೆರವು ಸಿಗದ ಕಡೆಯೂ ಒಂದಿದೆ. ‘ನೀನು ಇಲ್ಲಿ ವಾಸವಾಗಿರುವುದು ನನಗೆ ಸಂತೋಷ’ ಎನ್ನುವಾಗ ಹಾರೈಕೆಯಿಲ್ಲ, ಸಂಶಯವೂ ಇಲ್ಲ. ಅವನು ಇಲ್ಲೇ ಇದ್ದಾನೆ. ಆದರೂ ಸ್ಪ್ಯಾನಿಷ್‌ನಲ್ಲಿ ‘ಮೆ ಅಲೆಗ್ರಾ ಕೆ ಬಿಬಾಸ್ ಅಕೀ’ ಎಂದು ಸಬ್‌ಜಂಕ್ಟಿವ್ ಬರುತ್ತದೆ. ಸಂತೋಷ, ಬೇಸರ, ಅಚ್ಚರಿ ಮುಂದೆ ನಿಂತರೆ ಹಿಂದೆ ಬರುವ ಸಂಗತಿ ನಿಜವೇ ಆಗಿದ್ದರೂ ಈ ರೂಪವೇ ಸಾಮಾನ್ಯ. ಇಂಥ ವಾಕ್ಯಗಳಿಗಾಗಿ ನಾನು ಬೇರೆಯೇ ಪುಟಗಳನ್ನು ಇಟ್ಟುಕೊಂಡಿದ್ದೇನೆ. ಪತ್ರಿಕೆಯಲ್ಲೋ ಮೆಟ್ರೊದಲ್ಲೋ ಹೊಸದೊಂದು ಸಿಕ್ಕರೆ ಮೊದಲಿನಿಂದ ಕೊನೆಯವರೆಗೆ ಪೂರ್ತಿ ವಾಕ್ಯವನ್ನೇ ಅಲ್ಲಿ ಬರೆದುಕೊಳ್ಳುತ್ತೇನೆ.